ಮನಸ್ಸು ಒಣಗಿರುವಾಗ ಇತರರಿಗಾಗಿ ಪ್ರಾರ್ಥನೆ ನಡೆಸುವುದು ಕಪಟವೇ?

ಪ್ರಶ್ನೆ: ಬೆಟಗೇರಿಯವನು, ಹುಬ್ಬಳ್ಳಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು.

ನಾನು ನಲವತ್ತೇಳು ವರ್ಷದವನು, ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ. ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯಲ್ಲಿ. ನಮ್ಮದು ಸ್ವಿಟ್ಜರ್‌ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನವರ ಕಾಲದಿಂದಲೂ ಸಭೆಯಲ್ಲಿರುವ ಮನೆತನ. ಅಜ್ಜನ ತಂದೆ ಮಗ್ಗದ ಮುಂದೆ ಕುಳಿತು ಗೀತೆ ಹಾಡುತ್ತ ನೇಯುತ್ತಿದ್ದರೆಂಬ ಮಾತನ್ನು ಕೇಳಿಯೇ ದೊಡ್ಡವನಾದೆ. ನಂಬಿಕೆ ನನಗೆ ಹೊಸದಾಗಿ ಸಿಕ್ಕಿದ್ದಲ್ಲ, ಊಟದಂತೆ ಮನೆಯಲ್ಲಿ ಇದ್ದದ್ದು. ಆದರೂ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಉಪವಾಸ ಕೂಟದಲ್ಲಿ ಅದು ನನ್ನದೇ ಆಯಿತೆಂದು ಹೇಳಬಲ್ಲೆ. ಆ ದಿನದ ಸಂತೋಷ ಈಗಲೂ ನೆನಪಿದೆ.

ನಮ್ಮ ಓಣಿಯಲ್ಲಿ ಪ್ರತಿ ಬುಧವಾರ ಸಂಜೆ ಮನೆಪ್ರಾರ್ಥನೆ ನಡೆಯುತ್ತದೆ. ಹತ್ತು ಹನ್ನೆರಡು ಜನ ಸೇರುತ್ತಾರೆ. ಮೊದಲು ಅಪ್ಪ ನಡೆಸುತ್ತಿದ್ದರು, ಅವರಿಗೆ ಮೊಣಕಾಲು ನೋವು ಹೆಚ್ಚಾದ ಮೇಲೆ ಎಂಟು ವರ್ಷಗಳಿಂದ ನಾನು ನಡೆಸುತ್ತಿದ್ದೇನೆ. ಹದಿನಾಲ್ಕು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಅವರು ಆಸ್ಪತ್ರೆಯಲ್ಲಿದ್ದಾಗ ಹೊರಗಿನಿಂದ ಬಂದ ಒಬ್ಬ ಪ್ರಸಂಗಿಗಳು ತಲೆಯ ಮೇಲೆ ಕೈಯಿಟ್ಟು, ಈ ರೋಗವು ಮರಣಕ್ಕಾಗಿ ಬಂದದ್ದಲ್ಲ, ದೇವರು ನನಗೆ ತೋರಿಸಿದ್ದಾನೆ ಎಂದು ಘೋಷಿಸಿದರು. ಒಂಬತ್ತನೆಯ ದಿನ ಅಪ್ಪ ಹೋದರು. ಮಣ್ಣು ಮುಗಿಸಿ ಬಂದ ಸಂಜೆ, ಬಂದವರಲ್ಲಿ ಒಬ್ಬರು ನಮ್ಮ ತಾಯಿಯವರ ಹತ್ತಿರ ಮೆಲ್ಲಗೆ, ಮನೆಯವರ ನಂಬಿಕೆ ಸ್ವಲ್ಪ ಕಡಿಮೆಯಾಯಿತೇನೋ ಎಂದರು. ಆಗ ನಾನು ಸುಮ್ಮನಿದ್ದೆ, ಸಿಟ್ಟೂ ಬರಲಿಲ್ಲ. ಆ ಮೇಲೆ ಯಾವುದೂ ಬರಲಿಲ್ಲ ಎಂದರೂ ಸರಿಯೇ.

ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ನಲ್ಲಿಗೆ ನೀರು ಬರುವ ದಿನವಾದರೆ ನೀರು ತುಂಬಿಸಿ, ಇಲ್ಲದಿದ್ದರೆ ನೇರವಾಗಿ ಅಪ್ಪನ ಸತ್ಯವೇದವನ್ನು ತೆಗೆದುಕೊಂಡು ಕೂರುತ್ತೇನೆ. ಕಪ್ಪು ರೆಕ್ಸಿನ್ ಹೊದಿಕೆ. ಬೆನ್ನು ಹರಿದದ್ದನ್ನು ಅಪ್ಪ ಗೋಣಿದಾರದಿಂದ ಹೊಲಿದಿದ್ದಾರೆ. ಅಂಚುಗಳಲ್ಲೆಲ್ಲ ಪೆನ್ಸಿಲಿನಲ್ಲಿ ತಾರೀಖುಗಳು, ಕೆಲವೆಡೆ ಒಂದೆರಡು ಪದ: ತಂಗಿಯ ಮದುವೆ, ನನ್ನ ನೌಕರಿ, ಬರಗಾಲ. ಅದನ್ನು ಓದುತ್ತೇನೆ, ಓದಿದ್ದು ಒಳಗೆ ಇಳಿಯುವುದಿಲ್ಲ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳುತ್ತ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ವಾರದ ಪಾಳಿಯ ಲೆಕ್ಕ ಹಾಕುತ್ತಿರುತ್ತೇನೆ.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಕಷ್ಟವಿರುವುದು ಬುಧವಾರದಲ್ಲಿ. ಕಣ್ಣು ಮುಚ್ಚಿದರೆ ಮಾತು ತಾನಾಗಿ ಹರಿಯುತ್ತದೆ. ಎಂಟು ವರ್ಷದ ರೂಢಿ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನಾಲಿಗೆಗೇ ಗೊತ್ತಿದೆ. ಹೋದ ತಿಂಗಳು ಪ್ರಾರ್ಥನೆ ಮುಗಿದ ಮೇಲೆ ನಮ್ಮ ಓಣಿಯ ಒಬ್ಬ ಮುದುಕಿ ನನ್ನ ಕೈ ಹಿಡಿದು ಅತ್ತು, ನಿನ್ನ ಪ್ರಾರ್ಥನೆಯಿಂದ ಜೀವಕ್ಕೆ ಬಲ ಬಂತಪ್ಪ ಎಂದರು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಜನರಿಗೆ ಕಾಣಿಸಬೇಕೆಂದು ಪ್ರಾರ್ಥಿಸುವ ಕಪಟಿಗಳ ವಿಷಯ ಮತ್ತಾಯನ ಆರನೆಯ ಅಧ್ಯಾಯದಲ್ಲಿದೆಯಲ್ಲ, ಅವರಲ್ಲಿ ನಾನೂ ಒಬ್ಬನಾದೆನೇ?

ಕೇಳಬೇಕಾದದ್ದು ಇಷ್ಟು: ಸಭಾಪಾಲಕರಿಗೆ ಹೇಳಿ ಈ ಜವಾಬ್ದಾರಿಯನ್ನು ಬಿಟ್ಟುಬಿಡುವುದು ಪ್ರಾಮಾಣಿಕತೆಯೇ, ಅಥವಾ ಓಡಿಹೋಗುವುದೇ? ಇಪ್ಪತ್ತೈದು ವರ್ಷ ಬೆಳೆದೆನೆಂದುಕೊಂಡ ನಂಬಿಕೆ ಹೀಗೆ ಹಿಂದಕ್ಕೆ ಸರಿಯುವುದುಂಟೇ?

ಉತ್ತರ: ನಿವೃತ್ತ ಸಭಾಪಾಲಕ, ತುಮಕೂರು

ಪ್ರಿಯ ಸಹೋದರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲನೆಯದಾಗಿ, ನಿಮ್ಮ ತಾಯಿಯವರಿಗೆ ಆ ಮಾತನ್ನು ಆಡಿದವರು ಆಡಬಾರದ ಮಾತನ್ನು ಆಡಿದರು. ಮೂವತ್ತೊಂದು ವರ್ಷ ಸೇವೆಯಲ್ಲಿದ್ದವನಾಗಿ, ನಮ್ಮವರ ಪರವಾಗಿ ಅದಕ್ಕೆ ಕ್ಷಮೆ ಕೇಳುತ್ತೇನೆ.

ನಿಮ್ಮ ಪ್ರಶ್ನೆಯನ್ನು ನಿಮಗಿಂತ ಮೊದಲು, ಹೆಚ್ಚುಕಡಿಮೆ ಇದೇ ರೂಪದಲ್ಲಿ, ಒಬ್ಬರು ಕೇಳಿದ್ದರು. ನಮ್ಮ ಹಳೇ ಮೈಸೂರು ಸೀಮೆಯ ಸಭೆಗಳು ವೆಸ್ಲಿಯನ್ ಮಿಶನ್ನಿನಿಂದ ಬಂದವು. ಆದ್ದರಿಂದ ಮೆಥೊಡಿಸ್ಟ್ ಸಭೆಗಳಿಗೆ ಮೂಲಪುರುಷರಾದ ಇಂಗ್ಲೆಂಡಿನ ಜಾನ್ ವೆಸ್ಲಿಯವರ ಕಥೆಯನ್ನು ಚಿಕ್ಕಂದಿನಿಂದ ಕೇಳಿದವನು ನಾನು. ಆದರೆ ಸಂಡೇ ಸ್ಕೂಲಿನಲ್ಲಿ ನಮಗೆ ಹೇಳಿದ್ದು ಅರ್ಧ ಕಥೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದಾಗ, ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಅವರ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂಬಲ್ಲಿಗೆ ನಮ್ಮ ಶಿಕ್ಷಕರು ಪುಸ್ತಕ ಮುಚ್ಚುತ್ತಿದ್ದರು. ಆ ಸಂಜೆಗೆ ಮುಂಚಿನದನ್ನೂ ಅದರ ಆಮೇಲಿನದನ್ನೂ ನಾನು ಓದಿದ್ದು ದೇವಶಾಸ್ತ್ರದ ಕಾಲೇಜಿಗೆ ಹೋದ ಮೇಲೆ.

ಮುಂಚಿನದು ಹೀಗೆ. ಅದೇ ವರ್ಷದ ಫೆಬ್ರವರಿಯಲ್ಲಿ ವೆಸ್ಲಿ ಅಮೆರಿಕದ ಜಾರ್ಜಿಯಾದಿಂದ ಸೋತು ಮರಳಿದ್ದರು. ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿ, ಜೊತೆಗಿದ್ದ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಭಕ್ತರು ನಿಶ್ಚಿಂತೆಯಿಂದ ಹಾಡುತ್ತಿದ್ದರೆ, ಗುರುದೀಕ್ಷೆ ಪಡೆದ ತಾನು ಸಾವಿಗೆ ಹೆದರಿ ನಡುಗಿದ್ದು ಅವರನ್ನು ಬಿಡದೆ ಕಾಡುತ್ತಿತ್ತು. ಮಾರ್ಚ್ ತಿಂಗಳಲ್ಲಿ ಅವರು ಪೀಟರ್ ಬೋಲರ್ ಎಂಬ ಮೊರೇವಿಯನ್ ಯುವಕನ ಹತ್ತಿರ, ನನ್ನಲ್ಲಿಯೇ ಇಲ್ಲದ ನಂಬಿಕೆಯನ್ನು ಇತರರಿಗೆ ಹೇಗೆ ಬೋಧಿಸಲಿ, ಪ್ರಸಂಗ ಮಾಡುವುದನ್ನು ಬಿಟ್ಟುಬಿಡಲೇ ಎಂದು ಕೇಳಿದರು. ಬೋಲರ್ ಬೇಡವೆಂದರು. ನಂಬಿಕೆ ಬರುವ ತನಕ ನಂಬಿಕೆಯನ್ನೇ ಬೋಧಿಸಿ, ಬಂದ ಮೇಲೆ ಬಂದಿದೆಯೆಂಬ ಕಾರಣಕ್ಕೆ ಬೋಧಿಸುವಿರಿ ಎಂಬ ಅರ್ಥದ ಮಾತನ್ನು ಹೇಳಿದರು. ವೆಸ್ಲಿ ಹಾಗೆಯೇ ಮಾಡಿದರು. ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಗೆ ಹೋಗಿ ಬೋಧಿಸಿದರು.

ಆಮೇಲಿನದು ಇನ್ನೂ ಮುಖ್ಯ. ಹೃದಯ ಬೆಚ್ಚಗಾದ ಏಳೆಂಟು ತಿಂಗಳಿಗೆ, 1739ರ ಜನವರಿ 4ರಂದು, ಅದೇ ವೆಸ್ಲಿ ತಮ್ಮ ದಿನಚರಿಯಲ್ಲಿ ತಾನು ಈಗ ಕ್ರೈಸ್ತನಲ್ಲವೆಂದು ಬರೆದುಕೊಂಡಿದ್ದಾರೆ. ಪ್ರೀತಿ, ಸಮಾಧಾನ, ಸಂತೋಷ ಇವು ತನ್ನಲ್ಲಿಲ್ಲವೆಂದು ಒಂದೊಂದಾಗಿ ಎಣಿಸಿದ್ದಾರೆ. ಇದನ್ನು ಬರೆದ ಮನುಷ್ಯ ಅದರ ನಂತರ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಊರೂರು ತಿರುಗಿ ಸುವಾರ್ತೆ ಸಾರಿದರು.

ಇನ್ನು ಕಪಟದ ವಿಷಯ. ಮತ್ತಾಯನಲ್ಲಿ ನಾವು ಕಪಟಿ ಎಂದು ಓದುವ ಪದಕ್ಕೆ ಗ್ರೀಕ್ ಭಾಷೆಯಲ್ಲಿ ನಾಟಕದ ನಟನೆಂಬ ಅರ್ಥವಿತ್ತು. ಅವನಿಗೆ ನೋಡುವವರು ಬೇಕು. ನೋಡಿ ಮೆಚ್ಚಿದರೆ ಅವನ ಪ್ರತಿಫಲ ಅವನಿಗೆ ಸಂದಿತು. ಮುದುಕಿ ಮೆಚ್ಚಿದ ರಾತ್ರಿ ನಿಮಗೆ ಅನ್ನ ಸೇರಲಿಲ್ಲವೆಂದು ಬರೆದಿದ್ದೀರಿ. ಮೆಚ್ಚುಗೆ ಸಿಕ್ಕ ರಾತ್ರಿ ಉಪವಾಸ ಮಲಗುವ ನಟನನ್ನು ನಾನು ಕಂಡಿಲ್ಲ. ನಿಮಗೆ ಭಾವ ಇಲ್ಲ, ಅದು ನಿಜ. ಭಾವ ಇಲ್ಲದಿರುವುದು ಬೇರೆ, ಇಲ್ಲದ ಭಾವವನ್ನು ಮಾರಿ ಗೌರವ ಕೊಳ್ಳುವುದು ಬೇರೆ.

ಆದರೂ ಒಂದು ಮಾತು. ದನಿ ಇಳಿಸುವುದು, ನಿಲ್ಲಿಸುವುದು ನಾಲಿಗೆಗೇ ಗೊತ್ತು ಎಂದಿರಲ್ಲ, ಅದನ್ನು ಬಿಡಿ. ಸ್ವಂತ ಮಾತಿನ ಪ್ರಾರ್ಥನೆಯೇ ನಿಜವಾದ ಪ್ರಾರ್ಥನೆ, ಬರೆದಿಟ್ಟದ್ದು ಬರಿಯ ಓದು ಎಂಬ ಭಾವನೆ ನಮ್ಮ ಸಭೆಗಳಲ್ಲಿ ಯಾವಾಗ ಬೇರೂರಿತೋ ತಿಳಿಯದು. ನನಗೆ ಅದು ಒಪ್ಪಿಗೆಯಿಲ್ಲ. ಆರಾಧನಾ ಕ್ರಮದ ಪುಸ್ತಕವನ್ನು ಎತ್ತಿಕೊಂಡು ಪಾಪದ ಅರಿಕೆಯನ್ನು ಓದಿ, ಒಂದು ಕೀರ್ತನೆಯನ್ನು ಓದಿ, ಕರ್ತನ ಪ್ರಾರ್ಥನೆಯಿಂದ ಮುಗಿಸಿ. ನಿಮ್ಮದಲ್ಲದ ಮಾತನ್ನು ನಿಮ್ಮದೆಂದು ತೋರಿಸಿಕೊಳ್ಳುವ ಸಂದರ್ಭವೇ ಅಲ್ಲಿ ಬರುವುದಿಲ್ಲ. ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಹನ್ನೊಂದು ತಿಂಗಳು ಪುಸ್ತಕ ನೋಡಿಯೇ ಪ್ರಾರ್ಥಿಸಿದೆ. ಅಯ್ಯನವರಿಗೆ ಕನ್ನಡಕದ ನಂಬರು ಬದಲಾಗಿದೆಯೆಂದು ಸಭೆಯವರು ತಿಳಿದುಕೊಂಡಿದ್ದರು.

ಉತ್ತರ: ಶಿವಮೊಗ್ಗದ ಶಿಕ್ಷಕಿ

ನಾನು ಕಥೋಲಿಕಳು. ಸಂಪ್ರದಾಯ ಬೇರೆಯಾದರೂ ಈ ಒಣಗುವಿಕೆಯ ವಿಷಯದಲ್ಲಿ ನಮ್ಮವರು ಬಹಳ ಬರೆದಿಟ್ಟಿರುವುದರಿಂದ ನಾಲ್ಕು ಮಾತು ಸೇರಿಸುತ್ತೇನೆ. ಅಯ್ಯನವರು ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಕಾರಣ ಬೇರೆ.

ಸಂತ ಇಗ್ನೇಷಿಯಸ್ ಲೊಯೋಲ ಸೈನಿಕರಾಗಿದ್ದವರು. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ಕಾಲಿಗೆ ಬಡಿದು ಹಾಸಿಗೆ ಹಿಡಿದಾಗ ತಮ್ಮ ಮನಸ್ಸಿನ ಏರಿಳಿತವನ್ನು ಗಮನಿಸಲು ಆರಂಭಿಸಿದರು. ಮರುವರ್ಷ ಮನ್ರೇಸಾ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಕಳೆದು, ಅಲ್ಲಿ ಸಾಂತ್ವನವನ್ನೂ ಕಂಡರು, ಪ್ರಾಣ ಬಿಡಬೇಕೆನ್ನಿಸುವಷ್ಟು ಕತ್ತಲೆಯನ್ನೂ ಕಂಡರು. ಆ ಅನುಭವದಿಂದ ಅವರು ಬರೆದ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ ಮನಸ್ಸಿನ ಚಲನೆಗಳನ್ನು ಗುರುತಿಸುವ ನಿಯಮಗಳಿವೆ. ನಮ್ಮ ಧರ್ಮಕೇಂದ್ರದಲ್ಲಿ ಧ್ಯಾನಕೂಟ ನಡೆಸಲು ಮಂಗಳೂರಿನಿಂದ ಬಂದಿದ್ದ ಗುರುಗಳೊಬ್ಬರು ಅವುಗಳಲ್ಲಿ ಒಂದನ್ನು ಕರಿಹಲಗೆಯ ಮೇಲೆ ಬರೆದು ಮೂರು ದಿನ ಅಳಿಸದೆ ಬಿಟ್ಟಿದ್ದರು. ಅದರ ಅರ್ಥ ಇದು: ಮನಸ್ಸು ಬರಡಾಗಿರುವ ಕಾಲದಲ್ಲಿ ಹಿಂದೆ ಮಾಡಿದ ಯಾವ ತೀರ್ಮಾನವನ್ನೂ ಬದಲಾಯಿಸಬಾರದು, ಬೆಳಕಿದ್ದಾಗ ಏನನ್ನು ನಿಶ್ಚಯಿಸಿದ್ದೆವೋ ಅದರಲ್ಲಿಯೇ ನಿಲ್ಲಬೇಕು.

ಬುಧವಾರದ ಪ್ರಾರ್ಥನೆಯನ್ನು ವಹಿಸಿಕೊಂಡಾಗ ನಿಮಗೆ ಬೆಳಕಿತ್ತು. ಈಗ ಬಿಡಬೇಕೆನ್ನಿಸುತ್ತಿರುವುದು ಕತ್ತಲೆಯಲ್ಲಿ. ಬಿಡುವುದೇ ಸರಿಯಿದ್ದರೂ ಇರಬಹುದು. ಆದರೆ ಅದನ್ನು ಈಗ ತೀರ್ಮಾನಿಸಬೇಡಿ ಎಂಬುದಷ್ಟೇ ಆ ನಿಯಮ.

ಬರಡುತನಕ್ಕೆ ಇಗ್ನೇಷಿಯಸರು ಮೂರು ಕಾರಣ ಕೊಡುತ್ತಾರೆ. ನಮ್ಮ ಉದಾಸೀನ ಒಂದು. ಬಹುಮಾನ ಸಿಗದಿದ್ದರೂ ನಾವು ಎಷ್ಟು ದೂರ ಬರುತ್ತೇವೆ ಎಂಬ ಪರೀಕ್ಷೆ ಇನ್ನೊಂದು. ಮೂರನೆಯದು ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು: ಭಕ್ತಿಯ ಬಿಸಿ ನಾವು ದುಡಿದು ಸಂಪಾದಿಸಿದ್ದಲ್ಲ, ಕೊಟ್ಟದ್ದು ಎಂದು ತಿಳಿಯುವುದಕ್ಕಾಗಿ. ಇಪ್ಪತ್ತೈದು ವರ್ಷ ಬೆಳೆದೆನೆಂದು ನೀವು ಬರೆದಿದ್ದೀರಿ. ತಪ್ಪು ತಿಳಿಯಬೇಡಿ, ನಾನೂ ಹಾಗೆಯೇ ಲೆಕ್ಕ ಇಟ್ಟಿದ್ದೆ: ಇಷ್ಟು ನವೇನ (ಒಂಬತ್ತು ದಿನದ ಪ್ರಾರ್ಥನೆ), ಇಷ್ಟು ಜಪಸರ, ಇಷ್ಟು ವರ್ಷ ತಪ್ಪದೆ ಮೊದಲ ಶುಕ್ರವಾರದ ಬಲಿಪೂಜೆ. ಪಾಸ್‌ಬುಕ್ಕಿನ ಹಾಗೆ. ಒಂದು ದಿನ ಖಾತೆ ಖಾಲಿ ಕಂಡಿತು, ಹಣ ನನ್ನದಾಗಿರಲೇ ಇಲ್ಲ ಎಂಬುದು ಅರ್ಥವಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ಕಲ್ಕತ್ತೆಯ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ, ಅವರು ತೀರಿಕೊಂಡ ಹತ್ತು ವರ್ಷಕ್ಕೆ, ಅಚ್ಚಾದಾಗ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಸುಮಾರು ಐದು ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಮೌನ ಮತ್ತು ಕತ್ತಲೆ. ಅಮ್ಮ ಅದನ್ನು ನಂಬಲೇ ಇಲ್ಲ. ಪತ್ರಿಕೆಯವರು ಕಟ್ಟಿದ ಕಥೆ ಎಂದರು. ನನಗೆ ಮಾತ್ರ ಅಂದಿನಿಂದ ಆ ನಗುಮುಖದ ಚಿತ್ರವನ್ನು ನೋಡುವ ರೀತಿಯೇ ಬೇರೆಯಾಯಿತು. ಅವರ ನಗು ಕಪಟವೇ? ಬಡವರಿಗೆ ಬಡಿಸುವ ಕೈಗೆ ಹಸಿವಾಗಿದ್ದರೆ ಅನ್ನ ಸುಳ್ಳಾಗುವುದೇ?

ಉತ್ತರ: ರಾತ್ರಿ ಪಾಳಿಯ ನರ್ಸ್, ಬೆಂಗಳೂರು

ಹಿರಿಯರಿಬ್ಬರ ಮಾತಿಗೂ ಗೌರವ ಸಲ್ಲಿಸಿಯೇ, ನಾನು ಸ್ವಲ್ಪ ಬೇರೆ ಹೇಳಬೇಕಾಗಿದೆ. ಇಲ್ಲಿಯವರೆಗಿನ ಉತ್ತರಗಳಲ್ಲಿ ಸಂತರು ಬಂದರು, ವೆಸ್ಲಿ ಬಂದರು. ಹದಿನಾಲ್ಕು ತಿಂಗಳಿಂದ ಸರಿಯಾಗಿ ನಿದ್ರೆ ಬಂದಿದೆಯೇ ಎಂದು ಸಹೋದರರನ್ನು ಯಾರೂ ಕೇಳಲಿಲ್ಲ.

ಸಿಟ್ಟು ಬರಲಿಲ್ಲ, ಆ ಮೇಲೆ ಯಾವುದೂ ಬರಲಿಲ್ಲ ಎಂದು ನೀವು ಬರೆದ ವಾಕ್ಯವನ್ನು ನಾನು ಆಸ್ಪತ್ರೆಯಲ್ಲಿ ಬೇರೆ ಬೇರೆಯವರ ಬಾಯಿಂದ ಕೇಳಿದ್ದೇನೆ. ಓದಿದ್ದು ತಲೆಗೆ ಹೋಗದಿರುವುದು, ಊಟ ಸೇರದಿರುವುದು, ಎಲ್ಲದರಲ್ಲೂ ತನ್ನದೇ ತಪ್ಪು ಕಾಣುವುದು, ಇವು ದುಃಖ ಒಳಗೆ ಕಟ್ಟಿಕೊಂಡವರಲ್ಲಿ ಕಾಣುವ ಲಕ್ಷಣಗಳು. ಕೆಲವು ಸಲ ಖಿನ್ನತೆಯ ಲಕ್ಷಣಗಳೂ ಹೌದು. ದಯವಿಟ್ಟು ಒಬ್ಬ ವೈದ್ಯರ ಹತ್ತಿರ ಮಾತನಾಡಿ. ಅದು ನಂಬಿಕೆಯ ಸೋಲೆಂದು ಯಾರಾದರೂ ಹೇಳಿದರೆ ಅರಸುಗಳ ಮೊದಲನೆಯ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯವನ್ನು ಅವರಿಗೆ ಓದಿ ತೋರಿಸಿ. ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೇವದೂತನು ಪ್ರಸಂಗ ಮಾಡಲಿಲ್ಲ, ತಟ್ಟಿ ಎಬ್ಬಿಸಿ ರೊಟ್ಟಿ ತಿನ್ನಿಸಿದನು, ನೀರು ಕುಡಿಸಿದನು, ಮತ್ತೆ ಮಲಗಲು ಬಿಟ್ಟನು, ಎರಡನೆಯ ಸಲವೂ ಹಾಗೆಯೇ ಮಾಡಿದನು. ದೇವರು ಮೃದುವಾದ ಸ್ವರದಲ್ಲಿ ಮಾತನಾಡಿದ್ದು ಅದೆಲ್ಲ ಆಗಿ ನಾಲ್ವತ್ತು ದಿನಗಳ ನಡಿಗೆ ಮುಗಿದ ಮೇಲೆ.

ಎರಡನೆಯ ಮಾತು. ನಾನು ಬೆಳೆದದ್ದು ಪೆಂತೆಕೊಸ್ತ ಸಭೆಯಲ್ಲಿ. ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುವುದನ್ನು ಇಂದಿಗೂ ಮಾಡುತ್ತೇನೆ, ಗುಣವಾದದ್ದನ್ನೂ ಕಂಡಿದ್ದೇನೆ. ಆದ್ದರಿಂದಲೇ ಹೇಳುವ ಅಧಿಕಾರ ನನಗಿದೆ ಎಂದುಕೊಳ್ಳುತ್ತೇನೆ: ಪ್ರಾರ್ಥಿಸುವುದು ನಮ್ಮ ಕೆಲಸ, ಫಲಿತಾಂಶವನ್ನು ಮುಂಚೆಯೇ ಘೋಷಿಸುವುದು ನಮ್ಮದಲ್ಲ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಸಾಮಾನ್ಯವಾಗಿ ಯಾರೂ ಪ್ರಸಂಗಕ್ಕೆ ಆರಿಸಿಕೊಳ್ಳದ ಒಂದು ವಚನವಿದೆ. ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬಂದೆನೆಂದು ಪೌಲನು ಬರೆಯುತ್ತಾನೆ. ಪೌಲನಂಥವನು, ತನ್ನ ಜೊತೆ ಕೆಲಸ ಮಾಡಿದವನನ್ನು! ಯಾರ ನಂಬಿಕೆ ಕಡಿಮೆಯಾಗಿತ್ತು? ಪೌಲನು ಆ ಲೆಕ್ಕಕ್ಕೆ ಹೋಗುವುದಿಲ್ಲ. ಚಳಿಗಾಲಕ್ಕೆ ಮುಂಚೆ ಬಾ ಎಂದು ಬರೆದು ಮುಗಿಸುತ್ತಾನೆ.

ಸಹೋದರರೇ, ನಿಮ್ಮ ಒಳಗೆ ಒಂದು ದೂರು ಇದೆ ಎಂದು ನನಗೆ ಅನ್ನಿಸುತ್ತದೆ. ದೇವರ ಮೇಲೋ, ಆ ಪ್ರಸಂಗಿಯ ಮೇಲೋ, ನಿಮ್ಮ ತಾಯಿಯವರಿಗೆ ಆ ಮಾತು ಹೇಳಿದವರ ಮೇಲೋ, ಅದು ನಿಮಗೇ ಗೊತ್ತು. ಅದನ್ನು ಬಾಯಿಬಿಟ್ಟು ಹೇಳದೆ ಬೇರೆಲ್ಲದಕ್ಕೂ ಪ್ರಾರ್ಥಿಸುತ್ತಿದ್ದೀರಿ. ಮನೆಯಲ್ಲಿ ಜಗಳವಾದವರು ಉಪ್ಪಿನ ವಿಷಯ, ಹಾಲಿನ ವಿಷಯ ಮಾತ್ರ ಮಾತನಾಡುವ ಹಾಗೆ. ಆ ಮೌನ ಒಣಗುವಿಕೆಯಂತೆ ಕಾಣುತ್ತದೆ, ಆದರೆ ಒಣಗುವಿಕೆಯಲ್ಲ.

ಇಗ್ನೇಷಿಯಸರ ನಿಯಮ ನನಗೆ ಇಷ್ಟವಾಯಿತು. ಆದರೂ ನೋವಿನ ಮೇಲೆ ಭಾರ ಹೊರಬಾರದು. ಎರಡು ತಿಂಗಳು ಬೇರೆ ಯಾರಾದರೂ ನಡೆಸಲಿ, ನೀವು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತು ಆಮೆನ್ ಅನ್ನಿ. ಅದು ಬಿಟ್ಟುಹೋಗುವುದಲ್ಲ, ರಜೆ.

ಉತ್ತರ: ಬೆಟಗೇರಿಯವನು, ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞನು. ನಿದ್ರೆಯ ವಿಷಯ ಕೇಳಿದ ಸಹೋದರಿಗೆ: ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಬರುವುದಿಲ್ಲ. ಅದನ್ನು ನಾನು ಪ್ರಾರ್ಥನೆಗೆ ಕರೆ ಎಂದು ತಿಳಿದು ಎದ್ದು ಕೂರುತ್ತಿದ್ದೆ. ಈ ಶನಿವಾರ ವೈದ್ಯರನ್ನು ಕಾಣುತ್ತೇನೆ.

ದೂರಿನ ವಿಷಯ ನಿಜ. ಮೂವರ ಮೇಲೂ ಇದೆ. ಅದನ್ನು ದೇವರಿಗೆ ಹೇಳುವ ಭಾಷೆ ನನ್ನಲ್ಲಿಲ್ಲ. ನಮ್ಮ ಮನೆಯಲ್ಲಿ ಪ್ರಾರ್ಥನೆಯೆಂದರೆ ಸ್ತೋತ್ರದಿಂದ ಆರಂಭಿಸಿ ಸ್ತೋತ್ರದಿಂದ ಮುಗಿಸುವುದು. ಅಪ್ಪನಿಗೆ ಎದುರು ಮಾತನಾಡಿದವನಲ್ಲ ನಾನು.

ಉತ್ತರ: ನಿವೃತ್ತ ಸಭಾಪಾಲಕ, ತುಮಕೂರು

ಭಾಷೆ ಇದೆ, ನಿಮ್ಮ ಅಪ್ಪನ ಸತ್ಯವೇದದಲ್ಲಿಯೇ ಇದೆ. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಾಟ. ನಾವು ಇಪ್ಪತ್ತಮೂರನ್ನು ಬಾಯಿಪಾಠ ಮಾಡಿಸುತ್ತೇವೆ, ನೂರನ್ನು ಹಾಡಿಸುತ್ತೇವೆ, ಹದಿಮೂರನ್ನೂ ನಲವತ್ತನಾಲ್ಕನ್ನೂ ದಾಟಿಹೋಗುತ್ತೇವೆ. ಶಿಲುಬೆಯ ಮೇಲೆ ಕರ್ತನು ಸ್ವಂತ ಮಾತು ಹುಡುಕದೆ ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲನ್ನು ಎತ್ತಿಕೊಂಡನು, ಅದೂ ಯಾಕೆ ಕೈಬಿಟ್ಟೆ ಎಂಬ ಪ್ರಶ್ನೆಯ ಸಾಲನ್ನು.

ಗೋಳಾಟದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಹೇಗೋ ಭರವಸೆಗೆ ತಿರುಗುತ್ತವೆ. ಎಂಬತ್ತೆಂಟನೆಯದು ಮಾತ್ರ ತಿರುಗುವುದಿಲ್ಲ. ಆಪ್ತರೆಲ್ಲ ದೂರವಾಗಿ ಕತ್ತಲೆಯಲ್ಲಿ ಅದು ನಿಂತುಬಿಡುತ್ತದೆ. ಆದರೂ ಅದು ಪ್ರಾರ್ಥನೆಯೆಂದೇ ಉಳಿದಿದೆ, ಯಾರೂ ಅದನ್ನು ತೆಗೆದುಹಾಕಲಿಲ್ಲ, ಸಮಾಧಾನದ ಒಂದು ವಚನವನ್ನು ಕೊನೆಗೆ ಅಂಟಿಸಲೂ ಇಲ್ಲ. ಅದನ್ನು ಗಟ್ಟಿಯಾಗಿ ಓದಿ. ನರ್ಸ್ ಸಹೋದರಿಯವರು ಹೇಳಿದ್ದು ಸರಿ; ನನ್ನ ಮೊದಲ ಉತ್ತರದಲ್ಲಿ ನಾನು ಕೇಳಬೇಕಾದದ್ದನ್ನು ಕೇಳಲಿಲ್ಲ.

ಉತ್ತರ: ಬೀದರ್ ಜಿಲ್ಲೆಯ ರೈತ

ಬೆಳವಣಿಗೆ ಹಿಂದಕ್ಕೆ ಸರಿಯುವುದುಂಟೇ ಎಂಬ ಎರಡನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಮ್ಮದು ಮೆಥೊಡಿಸ್ಟ್ ಸಭೆ. ಹೊಲವನ್ನೇ ಕಾಣದ ಪ್ರಸಂಗಿಗಳು ಬೀಜ, ಫಸಲು, ಕಳೆ ಎಂದು ಮಾತನಾಡುವುದನ್ನು ಕೇಳಿ ಕೇಳಿ ಬೇಸತ್ತವನು ನಾನು, ಆದ್ದರಿಂದ ಅಳುಕಿನಿಂದಲೇ ಹೊಲದ ಮಾತನ್ನು ಎತ್ತುತ್ತೇನೆ.

ಮಾರ್ಕನ ನಾಲ್ಕನೆಯ ಅಧ್ಯಾಯದಲ್ಲಿ ಬಿತ್ತುವವನ ಸಾಮ್ಯ ಎಲ್ಲರಿಗೂ ಗೊತ್ತು. ಅದರ ನಂತರ ಮೂರೋ ನಾಲ್ಕೋ ವಚನಗಳ ಇನ್ನೊಂದು ಸಾಮ್ಯವಿದೆ, ಮಾರ್ಕನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತದೆ. ಹೇಗೆಂದು ಅವನಿಗೇ ತಿಳಿಯದು. ಬೆಳೆಯುವವನಿಗೇ ಬೆಳವಣಿಗೆ ಕಾಣುವುದಿಲ್ಲ ಎಂಬುದನ್ನು ಕರ್ತನು ಎಷ್ಟು ಸಹಜವಾಗಿ ಹೇಳಿಬಿಟ್ಟಿದ್ದಾನೆ ನೋಡಿ.

ನಿಮ್ಮ ಧಾರವಾಡ-ಗದಗ ಕಡೆಯಲ್ಲಿಯೂ ಕಪ್ಪು ನೆಲವಿದೆ, ಹಿಂಗಾರಿ ಜೋಳ ನಿಮಗೂ ಗೊತ್ತಿರಬೇಕು. ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತುತ್ತೇವೆ. ಆಮೇಲೆ ಮಳೆ ಬಂದರೆ ಬಂತು, ಸಾಮಾನ್ಯವಾಗಿ ಬರುವುದಿಲ್ಲ. ಮುಂಗಾರಿನಲ್ಲಿ ನೆಲ ಕುಡಿದಿಟ್ಟುಕೊಂಡ ಹಸಿಯ ಮೇಲೆಯೇ ಆ ಬೆಳೆ ನಿಲ್ಲಬೇಕು. ಮೇಲಿನ ಮಣ್ಣು ಒಣಗಿದಂತೆ ಬೇರು ಕೆಳಕ್ಕೆ, ಹಸಿ ಇರುವ ಕಡೆಗೆ ಇಳಿಯುತ್ತದೆ. ಈ ಕಾಲದಲ್ಲಿ ಹೊಲಕ್ಕೆ ಹೋಗಿ ನೋಡಿದ ಪೇಟೆಯವನಿಗೆ ಕಾಣುವುದು ಬಿರುಕು ಮಾತ್ರ.

ಆದರೆ ನಾವು ಕೈಕಟ್ಟಿ ಕೂರುವುದಿಲ್ಲ. ಎತ್ತು ಕಟ್ಟಿ ಸಾಲಿನ ನಡುವೆ ಎಡೆಕುಂಟೆ ಹೊಡೆಯುತ್ತೇವೆ. ಅದರಿಂದ ಒಂದು ಹನಿ ನೀರೂ ಹೊಲಕ್ಕೆ ಬರುವುದಿಲ್ಲ. ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ, ಒಳಗಿನ ಹಸಿ ಆರಿಹೋಗದೆ ಉಳಿಯುತ್ತದೆ, ಅಷ್ಟೇ. ಬೆಳಿಗ್ಗೆ ಐದಕ್ಕೆ ಎದ್ದು ಒಳಗಿಳಿಯದ ಪುಟಗಳನ್ನು ನೀವು ಓದುತ್ತಿರುವುದನ್ನು ಕಂಡಾಗ ನನಗೆ ನೆನಪಾದದ್ದು ಅದು. ಹಿಂದಕ್ಕೆ ಸರಿದಿದ್ದೀರೋ ಇಲ್ಲವೋ ಎಂಬುದನ್ನು ನಾನು ಹೇಳಲಾರೆ, ತೆನೆ ಬರುವ ತನಕ ನನ್ನ ಹೊಲದ ವಿಷಯವನ್ನೇ ನಾನು ಹೇಳಲಾರೆ. ನರ್ಸ್ ತಂಗಿಯವರ ಸಲಹೆಗೆ ಒಂದು ತಿದ್ದುಪಡಿ: ರಜೆ ತೆಗೆದುಕೊಳ್ಳಿ, ಆದರೆ ಎತ್ತನ್ನು ಮಾರಬೇಡಿ.

ಉತ್ತರ: ಬೆಟಗೇರಿಯವನು, ಹುಬ್ಬಳ್ಳಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಕೇಳಿದವನು ಏನಾಯಿತೆಂದು ಹೇಳದೆ ಹೋಗಬಾರದು.

ವೈದ್ಯರು ಔಷಧಿ ಕೊಟ್ಟಿದ್ದಾರೆ, ನಿದ್ರೆ ಈಗ ಪರವಾಗಿಲ್ಲ. ಸಭಾಪಾಲಕರ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಬುಧವಾರ ಬಿಡುವುದು ಬೇಡ, ಆದರೆ ಸ್ವಂತ ಪ್ರಾರ್ಥನೆಯನ್ನು ಬೇರೆಯವರು ಮಾಡಲಿ, ನೀವು ಓದುವುದನ್ನು ಮಾತ್ರ ಮಾಡಿ ಎಂದರು. ಈಗ ಹಾಗೆಯೇ ನಡೆಯುತ್ತಿದೆ. ನನಗಿಂತ ಕಿರಿಯ ಒಬ್ಬ ಹುಡುಗ ಪ್ರಾರ್ಥಿಸುತ್ತಾನೆ, ತಡವರಿಸುತ್ತಾನೆ, ಕೇಳಲು ಹಿತವಾಗಿದೆ.

ಎಂಬತ್ತೆಂಟನೆಯ ಕೀರ್ತನೆಯನ್ನು ಅಪ್ಪನ ಸತ್ಯವೇದದಲ್ಲಿ ತೆರೆದೆ. ಅಲ್ಲಿ ಒಂದಾದರೂ ತಾರೀಖು ಇರಬಹುದೆಂದು ಆಸೆಪಟ್ಟಿದ್ದೆ. ಇರಲಿಲ್ಲ. ಎಂಬತ್ತನಾಲ್ಕರ ಅಂಚು ತುಂಬಿದೆ, ತೊಂಬತ್ತು ಮತ್ತು ತೊಂಬತ್ತೊಂದು ತುಂಬಿವೆ, ಆ ಒಂದು ಪುಟ ಮಾತ್ರ ಅಂಗಡಿಯಿಂದ ತಂದ ದಿನದ ಹಾಗಿದೆ. ಅಪ್ಪ ಅಲ್ಲಿಗೆ ಹೋಗಬೇಕಾಗಿ ಬರಲಿಲ್ಲವೋ, ಹೋದರೂ ಬರೆಯಲಿಲ್ಲವೋ. ಮೂರು ದಿನ ಅದನ್ನು ಒಬ್ಬನೇ ಗಟ್ಟಿಯಾಗಿ ಓದಿದೆ. ಮೂರನೆಯ ದಿನ ಸಿಟ್ಟು ಬಂತು, ಅಳುವೂ ಬಂತು.

ನಂತರದ ಬುಧವಾರ ಅದನ್ನೇ ಮನೆಪ್ರಾರ್ಥನೆಯಲ್ಲಿ ಓದಿದೆ, ದನಿ ಏರಿಸದೆ ಇಳಿಸದೆ. ಮುಗಿದ ಮೇಲೆ ಯಾರೂ ಆಮೆನ್ ಅನ್ನಲಿಲ್ಲ. ಅನ್ನಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಹೋದ ಸಲ ಕೈಹಿಡಿದು ಅತ್ತಿದ್ದ ಆ ಮುದುಕಿ ಕೇಳಿದರು:

“ಇಷ್ಟೇ ಏನಪ್ಪ? ಮುಂದ ಏನೂ ಇಲ್ಲೇನು?”

ಇಲ್ಲ ಅಜ್ಜಿ, ಇಷ್ಟೇ ಎಂದೆ.

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಅವರ ಮಗ ದುಬೈಗೆ ಹೋದವನು ಆರು ವರ್ಷದಿಂದ ಫೋನು ಮಾಡಿಲ್ಲವೆಂಬುದು ಓಣಿಗೆಲ್ಲ ಗೊತ್ತು. ಅವನ ಹೆಸರನ್ನು ಅವರು ಪ್ರಾರ್ಥನೆಯ ವಿಷಯಗಳಲ್ಲಿ ಒಮ್ಮೆಯೂ ಕೊಟ್ಟವರಲ್ಲ.

“ಮುಂದಿನ ಬುಧವಾರಾನೂ ಇದನ್ನ ಓದು,” ಎಂದರು.